ಮುಂದೆ ಹಿಡಿದಿರೋರು ಯಾರು?

ಆ ಭಾನುವಾರ ಮಧ್ಯಾಹ್ನ ಕೆಂಗೇರಿಯ ಹಳೇ ಊರಿನ ಒಂದು ಮನೆಯ ಜಗುಲಿಯ ಮೇಲೆ ನಾವು ನಾಲ್ವರಿದ್ದೆವು. ಹಸುವನ್ನೂ ಸೇರಿಸಿದರೆ ಐವರು. ಮುಂದೆ ನಡೆದದ್ದನ್ನು ನೆನೆದರೆ ಸೇರಿಸಲೇಬೇಕು.

ಒಬ್ಬ ಬಸವರಾಜ. ಬಾಗಲಕೋಟೆ ಕಡೆಯವನು, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ, ಆ ಮನೆಯ ಮಹಡಿಯ ಒಂಟಿ ಕೋಣೆಯ ಬಾಡಿಗೆದಾರ. ಇನ್ನೊಬ್ಬಳು ಪವಿತ್ರ, ವಿಜಯನಗರದಲ್ಲಿ ಔಷಧಿ ಅಂಗಡಿ ನಡೆಸುವವಳು, ಅವನಿಗೆ ಹೇಗೋ ಪರಿಚಯ. ಮೂರನೆಯವನು ನಾನು, ಗೋವಿಂದರಾಜನಗರದ ಜೆರಾಕ್ಸ್ ಅಂಗಡಿಯವನು. ಬಸವರಾಜ ಒಂದು ದಿನ ನನ್ನ ಅಂಗಡಿಗೆ ಬಂದು ದಪ್ಪನೆಯ ಆಟದ ನಿಯಮಾವಳಿಯೊಂದನ್ನು ಪ್ರಿಂಟು ಹಾಕಿಸಿದ. ಪುಟ ಹೊರಬಂದಂತೆಲ್ಲ ಒಂದೊಂದೇ ಓದುತ್ತಾ ಹೋಗಿ ಕೆಟ್ಟವನು ನಾನು. ನಾಲ್ಕನೆಯವರು ಆ ಮನೆಯ ಯಜಮಾನರು. ಆಟಕ್ಕೆಂದು ಬಂದವರಲ್ಲ. ಮೂಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಜಗುಲಿಯ ಪಕ್ಕದ ಮೊಣಕಾಲೆತ್ತರದ ಗೋಡೆಯಾಚೆ ಅವರ ಹಸು ಸರಸು, ಸಿಪ್ಪೆ ಯಾವಾಗ ಬರುತ್ತದೆ ಎಂದು ಕತ್ತು ಚಾಚಿಕೊಂಡು ನಿಂತಿತ್ತು.

ಆಟ ಎಂದರೆ ಪಗಡೆಯಲ್ಲ, ಇಸ್ಪೀಟಲ್ಲ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು, ಕೂತಲ್ಲೇ ಬೆಟ್ಟ ಹತ್ತುತ್ತಾರೆ, ಕೋಟೆ ಒಡೆಯುತ್ತಾರೆ, ರಾಕ್ಷಸರ ಮೇಲೆ ಬೀಳುತ್ತಾರೆ. ಅಂದುಕೊಂಡದ್ದು ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ಒಂದು ದಾಳ. ಬಸವರಾಜ ಕಥೆ ನಡೆಸುವವನು, ಪವಿತ್ರ ಮಂತ್ರವಾದಿ, ನಾನು ಕಳ್ಳ. ಈ ಕಳ್ಳನಿಗೆ ಒಂದು ವಿಶೇಷ ಏಟಿದೆ. ಪುಸ್ತಕದಲ್ಲಿ ಸ್ನೀಕ್ ಅಟ್ಯಾಕ್ ಅಂತಿದೆ, ನಾವು ಹೊಂಚೇಟು ಎನ್ನುತ್ತಿದ್ದೆವು. ಶತ್ರುವಿನ ಗಮನ ಬೇರೆ ಕಡೆ ಇದ್ದಾಗ ಕಳ್ಳ ಹೊಡೆದರೆ ಒಂದಕ್ಕೆ ಐದರಷ್ಟು ಪೆಟ್ಟು.

ಆ ದಿನ ಎದುರಾದದ್ದು ಇಪ್ಪತ್ತಡಿಯ ದೈತ್ಯ. ನನ್ನ ಕಳ್ಳನೋ ನಾಲ್ಕಡಿ.

"ಹೊಂಚೇಟು ಹೊಡೀತೀನಿ" ಎಂದೆ.

"ಎಲ್ಲಿಗ್ ಹೊಡೀತೀರಿ ಸರ? ಮೀನಖಂಡಕ್ಕ ಚುಚ್ಚಿದ್ರ ಅದಕ್ಕ ಸೊಳ್ಳಿ ಕಡದಂಗ ಆಕ್ಕೈತಿ" ಎಂದ ಬಸವರಾಜ.

"ರೂಲ್ಸಲ್ಲಿ ಸೈಜ್ ಬಗ್ಗೆ ಏನೂ ಇಲ್ಲ ಕಣೋ" ಎಂದಳು ಪವಿತ್ರ.

"ಇಲ್ಲಂದ್ರ ಬುದ್ಧಿನೂ ಇರಬಾರ್ದೇನ?"

ಅರ್ಧ ಗಂಟೆ ಇದೇ ಆಯಿತು. ದೈತ್ಯನ ಬೆನ್ನ ಹಿಂದೆ ಅಡಗಬಹುದೇ, ಅಡಗಿದರೂ ಮರ್ಮಕ್ಕೆ ಕೈ ಎಟುಕುತ್ತದೆಯೇ, ಹಿಂದಿನಿಂದ ಹೊಡೆಯಲು ಹಿಂದೆಯೇ ನಿಲ್ಲಬೇಕೇ. ಮೂಲೆಯಿಂದ ಯಜಮಾನರು ತಲೆ ಎತ್ತದೆ ಕೇಳಿದರು:

"ಅದೆಲ್ಲ ಬುಡ್ರಪ್ಪ. ಮುಂದೆ ಹಿಡಿದಿರೋರು ಯಾರು?"

ನಮಗೆ ಅರ್ಥವಾಗಲಿಲ್ಲ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿ, ಪೆದ್ದರಿಗೆ ಹೇಳುವ ತಾಳ್ಮೆಯಿಂದ ಹೇಳಿದರು.

"ದೊಡ್ಡ ಪ್ರಾಣಿ ಹತ್ರ ಹಿಂದ್ಗಡೆಯಿಂದ ಹೋಗ್ಬೇಕಾದ್ರೆ ಮುಂದೆ ಒಬ್ಬ ಬೇಕು. ಅವನು ಮೂಗುದಾರ ಹಿಡ್ಕೊಂಡು, ಕತ್ತಿನ ಕೆಳಗೆ ಜೋತಾಡೋ ಗಂಗೆದೊಗಲು ಕೆರೀತಾ ಅದರ ಮುಖದ ಮುಂದೆ ಇರ್ತಾನೆ. ಅದು ಅವನನ್ನೇ ನೋಡ್ತಾ ಇರುತ್ತೆ. ಹಿಂದಿನೋನು ಆಗ ಸೂಜಿ ಹಾಕ್ಬೇಕು. ಅಡಗೋದು ಯಾಕೆ? ಅದಕ್ಕೇನು ಗೊತ್ತಿರಲ್ವಾ ಹಿಂದೆ ಯಾರೋ ಇದಾನೆ ಅಂತ? ಚೆನ್ನಾಗಿ ಗೊತ್ತಿರುತ್ತೆ. ಆದ್ರೆ ಮುಂದೆ ಇರೋನನ್ನ ಬಿಟ್ಟು ತಿರುಗೋಕಾಗಲ್ಲ. ಅಷ್ಟೇಯ."

ಪವಿತ್ರ ಆ ಪ್ರಿಂಟಿನ ಹಾಳೆಗಳನ್ನು ತಿರುವಿ ಕಳ್ಳನ ಪುಟ ತೆಗೆದಳು. ಅಲ್ಲಿದ್ದದ್ದು ಅದೇ: ಶತ್ರುವಿಗೆ ಐದಡಿಯೊಳಗೆ ನಿಮ್ಮ ಕಡೆಯವನೊಬ್ಬ ಎಚ್ಚರವಾಗಿ ನಿಂತಿದ್ದರೆ ಸಾಕು, ಕಳ್ಳ ಅಡಗಬೇಕಾಗಿಯೇ ಇಲ್ಲ. ಇಷ್ಟು ದಿನ ನಾವು ಆ ಸಾಲನ್ನು ದಾಟಿಕೊಂಡು ಓದುತ್ತಿದ್ದೆವು.

"ಮಾಲಕ್ರು ಇದನ್ನ ಮೊದಲ ಓದ್ಯಾರೇನ್ರಿ?" ಎಂದು ಬಸವರಾಜ ನನ್ನ ಕಿವಿಯಲ್ಲಿ ಕೇಳಿದ.

ಓದಿರಲಿಲ್ಲ. ಮೂವತ್ತೊಂದು ವರ್ಷ ಮಾಡಿದ್ದರು. ಯಜಮಾನರು ಪಶುವೈದ್ಯ ಇಲಾಖೆಯಲ್ಲಿ ಪರೀಕ್ಷಕರಾಗಿ ನಿವೃತ್ತರಾದವರು. ಸುತ್ತಲ ಹಳ್ಳಿಗಳಿಗೆ ದನದ ಡಾಕ್ಟ್ರು. ಹಸು, ಎಮ್ಮೆ, ಎತ್ತುಗಳನ್ನು ಹಿಂದಿನಿಂದ ಸಮೀಪಿಸುವುದೇ ಅವರ ಜೀವನದ ಕಸುಬಾಗಿತ್ತು. ಈ ಮಹಾನಗರದಲ್ಲಿ ಹೊಂಚೇಟಿನ ಬಗ್ಗೆ ಮಾತಾಡಲು ಅವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿತ್ತೋ ನನಗೆ ತಿಳಿಯದು.

ಅಂದಿನಿಂದ ಆ ಜಗುಲಿಯಲ್ಲಿ ನಿಯಮಕ್ಕೆ ಅರ್ಥ ಹೇಳುವವರು ಅವರೇ ಆದರು. ಹೊಸ ರಾಕ್ಷಸ ಬಂದಾಗಲೆಲ್ಲ ಬಸವರಾಜ ಒಂದು ಸಣ್ಣ ವಿಚಾರಣೆಗೆ ಒಳಗಾಗಬೇಕಿತ್ತು. ಕಣ್ಣು ಪಕ್ಕಕ್ಕಿವೆಯೋ ಮುಂದಕ್ಕಿವೆಯೋ? ಪಕ್ಕಕ್ಕಿದ್ದರೆ ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ, ಆದರೆ ಒದೆ ಬೀಳುವುದೂ ಅಲ್ಲಿಯೇ. ಗೊರಸು ಸೀಳಿದೆಯೋ ಒಂಟಿಯೋ? ಮೆಲುಕು ಹಾಕುತ್ತದೆಯೋ? ಬೆಂಕಿ ಉಗುಳುವ, ರೆಕ್ಕೆಯ, ನಲವತ್ತಡಿ ಉದ್ದದ ಸರ್ಪವೊಂದು ಗುಹೆಯಿಂದ ಹೊರಬಂದು ಬಸವರಾಜ ಅದರ ಹಲ್ಲನ್ನು ವರ್ಣಿಸುತ್ತಿದ್ದಾಗ ಅವರು ಕೇಳಿದ್ದು:

"ಹೆಣ್ಣೋ ಗಂಡೋ?"

"ಹೆ... ಹೆಣ್ರಿ."

"ಮರಿ ಹಾಕಿ ಎಷ್ಟು ದಿನ ಆಯ್ತು?"

ಬಸವರಾಜ ತನ್ನ ಟಿಪ್ಪಣಿಗಳನ್ನೆಲ್ಲ ತಡಕಾಡಿದ. "ಒಂದ್... ವಾರ ಆಗಿರಬೇಕ್ರಿ."

"ಹಂಗಾದ್ರೆ ಹತ್ರ ಹೋಗ್ಬೇಡಿ" ಎಂದು ತೀರ್ಪು ಕೊಟ್ಟರು. ನಾವು ಹೋಗಲಿಲ್ಲ. ಮೂರು ವಾರ ತಯಾರಿ ಮಾಡಿಕೊಂಡಿದ್ದ ಬಸವರಾಜನ ಮುಖ ನೋಡುವಂತಿರಲಿಲ್ಲ.

ಒಮ್ಮೆ ಮಾತ್ರ ಅವರೇ ಸಿಕ್ಕಿಕೊಂಡರು. ಕೋಣೆಯಷ್ಟು ದೊಡ್ಡ, ಪಾರದರ್ಶಕವಾದ, ಜಿಲೇಬಿ ಪಾಕ ಗಟ್ಟಿಯಾದಂತಹ ಒಂದು ಜೀವ ಬಂತು. ಕಣ್ಣಿಲ್ಲ, ಬಾಯಿಲ್ಲ, ಬಾಲವಿಲ್ಲ. ಯಜಮಾನರು ಆ ದಿನ ತೀರ್ಪು ಮುಂದಕ್ಕೆ ಹಾಕಿದರು. ಬುಧವಾರ ಮಧ್ಯಾಹ್ನ ಮೆಟ್ರೋ ಹಿಡಿದು ಬಂದು ನನ್ನ ಅಂಗಡಿಯ ಮುಂದೆ ನಿಂತರು. ಮುಖ ಬಾಡಿತ್ತು.

"ಏನ್ ಯಜಮಾನ್ರೇ, ಹುಷಾರಿಲ್ವಾ?"

"ಮೂರು ದಿನ ನಿದ್ದೆ ಇಲ್ಲ ಕಣಯ್ಯ. ಮುಖಾನೇ ಇಲ್ಲದ್ದಕ್ಕೆ ಮುಂದೆ ಯಾವುದು, ಹಿಂದೆ ಯಾವುದು?"

"ಆಟ ಅಲ್ವಾ, ಬಿಡಿ" ಎಂದೆ.

"ಆಟ ಅಂತ ಪ್ರಾಣಿ ಪ್ರಾಣಿ ಅಲ್ದೇ ಹೋಗುತ್ತಾ? ಈಗ ಮೆಟ್ರೋದಲ್ಲಿ ಹೊಳೀತು. ಅದಕ್ಕೆ ಎಲ್ಲಾ ಕಡೆನೂ ಹಿಂದೇನೇ. ಎಲ್ಲಿಂದ ಬೇಕಾದ್ರೂ ಹೊಡಿ." ಇಷ್ಟು ಹೇಳಿ, ಕೊಟ್ಟ ಕಾಫಿ ಕುಡಿದು, ನೆಮ್ಮದಿಯಾಗಿ ಹೊರಟುಹೋದರು.

ಅವರಿಗೊಂದು ಅಭ್ಯಾಸವಿತ್ತು. ಏನನ್ನೇ ಮುಟ್ಟುವ ಮೊದಲು ಅದರ ಎಡಮೈಗೆ ಅಂಗೈಯಿಂದ ಎರಡು ಸಲ ಮೆತ್ತಗೆ ತಟ್ಟುತ್ತಿದ್ದರು. ಹಸುವಿಗೆ ಸರಿ. ಅವರು ಬೀರುವಿಗೂ ತಟ್ಟುತ್ತಿದ್ದರು, ಬಸವರಾಜನ ಬೈಕಿಗೂ ತಟ್ಟುತ್ತಿದ್ದರು. ಆ ಬುಧವಾರ ನನ್ನ ಜೆರಾಕ್ಸ್ ಯಂತ್ರಕ್ಕೂ ತಟ್ಟಿ ಆಮೇಲೆ ಅದರ ಮೇಲೆ ಕೊಡೆ ಇಟ್ಟರು. ಮೆಟ್ರೋ ಹತ್ತುವಾಗ ಬೋಗಿಗೂ ತಟ್ಟುತ್ತಾರೆ, ಸೆಕ್ಯುರಿಟಿಯವನು ಒಮ್ಮೆ ಗದರಿಸಿದ್ದ ಎಂದು ಸೊಸೆ ಶೋಭಾ ಹೇಳುತ್ತಿದ್ದಳು. ಕೇಳಿದರೆ, "ಹೇಳ್ದೆ ಕೇಳ್ದೆ ಮುಟ್ಟಿದ್ರೆ ಯಾವುದಾದ್ರೂ ಬೆದರುತ್ತೆ" ಎನ್ನುತ್ತಿದ್ದರು. ಅವರು ತಟ್ಟಿದ ಮೇಲೆ ನನ್ನ ಯಂತ್ರದಲ್ಲಿ ಕಾಗದ ಸಿಕ್ಕಿಕೊಳ್ಳುವುದು ಕಡಿಮೆಯಾಯಿತು ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ತಾವೂ ಆಟಕ್ಕೆ ಇಳಿಯುತ್ತೇನೆ ಎಂದರು. ಕಳ್ಳನ ಪಾತ್ರವನ್ನೇ ಕೇಳುತ್ತಾರೆ ಎಂದುಕೊಂಡು ನಾನು ಬಿಟ್ಟುಕೊಡಲು ಸಿದ್ಧನಾದೆ. ಬೇಡವೆಂದರು. ಗುರಾಣಿ ಹಿಡಿದು ಎದುರು ನಿಲ್ಲುವ ಯೋಧನಾಗುತ್ತೇನೆಂದರು. ಹೆಸರು ಸಿದ್ದಣ್ಣ.

"ಯಾರಂಕಲ್ ಸಿದ್ದಣ್ಣ?" ಎಂದಳು ಪವಿತ್ರ.

"ನಮ್ಮ ಅಟೆಂಡರ್ ಕಣಮ್ಮ. ಮೂವತ್ತೊಂದು ವರ್ಷ ನಾನು ಹಿಂದೆ, ಅವನು ಮುಂದೆ. ಕೊಂಬಿನ ತಿವಿತ ಎಲ್ಲಾ ಅವನಿಗೆ. ಡಾಕ್ಟ್ರು ಬಂದ್ರು ಅಂತ ಕಾಫಿ, ಕುರ್ಚಿ ಎಲ್ಲಾ ನನಗೆ. ಅವನ ಕೈಲಿ ಮೂರು ಬೆರಳು ನೆಟ್ಟಗಿರ್ಲಿಲ್ಲ. ನಾನು ಒಂದಿನಾನೂ ಮುಂದೆ ನಿಂತು ನೋಡ್ಲಿಲ್ಲ, ಅಲ್ಲಿಂದ ಹೆಂಗೆ ಕಾಣುತ್ತೆ ಅಂತ." ನಾವು ಆ ಮನೆಗೆ ಹೋಗಲು ಶುರು ಮಾಡುವ ಎರಡು ವರ್ಷ ಮೊದಲೇ ಸಿದ್ದಣ್ಣ ತೀರಿಕೊಂಡಿದ್ದನಂತೆ.

ಬಸವರಾಜ ಧೈರ್ಯ ಹೇಳಿದ: "ಅಂಜಬ್ಯಾಡ್ರಿ ಮಾಲಕರ. ಪಾತ್ರ ಸತ್ರ ಇನ್ನೊಂದ್ ಮಾಡ್ಕೋಬಹುದು."

"ಇನ್ನೊಬ್ಬನ್ನ ಎಲ್ಲಿಂದ ತರೋಣ? ಸಿದ್ದಣ್ಣ ಒಂದ್ಸಲ ಸತ್ತಿರೋದು ಸಾಕು. ಇನ್ನೊಂದ್ಸಲ ಸತ್ರೆ ನಾನು ಆಟಕ್ಕೆ ಕೂರಲ್ಲ, ಇಲ್ಲಿ ಬಂದು ನೋಡೋದೂ ಇಲ್ಲ. ಒಳಗೆ ಟೀವಿ ನೋಡ್ಕೊಂಡಿರ್ತೀನಿ."

ತಮಾಷೆಯಾಗಿ ಹೇಳಿದ್ದಲ್ಲ. ನಮ್ಮ ಸಂಕಟ ಅಲ್ಲಿಂದ ಶುರುವಾಯಿತು. ಅವರಿಲ್ಲದ ಆ ಜಗುಲಿಯಲ್ಲಿ ನಮಗೇನು ಕೆಲಸ? ಸಿದ್ದಣ್ಣನನ್ನು ಉಳಿಸಿಕೊಳ್ಳಲು ನಾವು ಮೂವರೂ ಸೇರಿ ಮೋಸಕ್ಕಿಳಿದೆವು. ಪವಿತ್ರ ಮುಗಿದುಹೋದ ಮಂತ್ರವನ್ನು ಎರಡನೇ ಸಲ ಹಾಕುತ್ತಿದ್ದಳು. ಬಸವರಾಜ ಪುಸ್ತಕದ ಮರೆಯಲ್ಲಿ ದಾಳ ಎಸೆದು, ಎಷ್ಟೇ ಬಿದ್ದರೂ "ಏಟು ತಪ್ತು" ಎನ್ನುತ್ತಿದ್ದ. ಆದರೆ ಯಜಮಾನರು ಪುಸ್ತಕ ಎತ್ತಿ ನೋಡುತ್ತಿದ್ದರು.

"ಹದಿನೆಂಟು ಬಿದ್ದಿದೆಯಲ್ಲೋ."

"ಅದು ಸರಿಯಾಗಿ ಉರುಳಿಲ್ರಿ, ಇನ್ನೊಮ್ಮೆ..."

"ಕೈ ಬಿಟ್ಟ ಮೇಲೆ ಮುಗೀತು. ನಿಂತಾಗ ಏನು ಕಾಣುತ್ತೋ ಅದು. ಹೊಡೀಲಿ ಬಿಡು, ಸಿದ್ದಣ್ಣ ತಡ್ಕೋತಾನೆ."

ಈ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ದಾಳ ನೆಲಕ್ಕೆ ಬಿದ್ದರೂ, ಚಪ್ಪಲಿಯೊಳಗೆ ಹೋದರೂ ಮತ್ತೆ ಎಸೆಯುವಂತಿಲ್ಲ. ಒಮ್ಮೆ ದಿವಾನದ ಕೆಳಗೆ ಉರುಳಿ ಹೋದಾಗ, ಎಪ್ಪತ್ತು ದಾಟಿದ ಆ ಮನುಷ್ಯ ಹೊಟ್ಟೆಯ ಮೇಲೆ ತೆವಳಿಕೊಂಡು ಟಾರ್ಚು ಬಿಟ್ಟು ಸಂಖ್ಯೆ ಓದಿ ಹೇಳಿದ್ದರು. ಅದು ಎರಡು. ಸಿದ್ದಣ್ಣನಿಗೇ ನಷ್ಟ.

ಕಾರ್ತೀಕ ಮಾಸದ ಒಂದು ಭಾನುವಾರ ಆ ದೊಡ್ಡ ಕಾಳಗ ಬಂತು. ಬೆಟ್ಟದ ದೈತ್ಯ, ಹಿಂದಿನವನಿಗಿಂತ ಇನ್ನೂ ಎತ್ತರದವನು. ಸಿದ್ದಣ್ಣ ಅವನೆದುರು ಗುರಾಣಿ ಹಿಡಿದು ಅಷ್ಟೊತ್ತಿನಿಂದ ನಿಂತಿದ್ದ. ಜೀವ ಇನ್ನು ಮೂರೇ ಅಂಕ. ದೈತ್ಯನ ಒಂದು ಏಟು ಬಿದ್ದರೆ ಮುಗಿಯಿತು. ಪವಿತ್ರಳ ಮಂತ್ರಗಳು ನಿಜವಾಗಿಯೂ ಖಾಲಿ. ಯಜಮಾನರು ಎಣಿಸಿ ಇಟ್ಟುಕೊಂಡಿದ್ದರು. ಮೊದಲು ನನ್ನ ಸರದಿ, ಆಮೇಲೆ ದೈತ್ಯನದು. ನನ್ನ ಹೊಂಚೇಟು ತಗುಲಿದರೆ ದೈತ್ಯ ಬೀಳುತ್ತಾನೆ, ತಗುಲಲು ದಾಳದಲ್ಲಿ ಹದಿನಾಲ್ಕೋ ಅದಕ್ಕಿಂತ ಹೆಚ್ಚೋ ಬೀಳಬೇಕು. ತಪ್ಪಿದರೆ ಸಿದ್ದಣ್ಣ ಹೋದ.

"ಮಾಲಕರ, ಹಿಂದ ಸರೀರಿ. ಈಗ ಸರದ್ರ ಉಳೀತೀರಿ" ಎಂದ ಬಸವರಾಜ. ಕಥೆ ನಡೆಸುವವನು ಹೀಗೆ ಹೇಳುವಂತೆಯೇ ಇಲ್ಲ.

"ನಾನು ಸರಿದ್ರೆ ಇವನಿಗೆ ಹೊಂಚೇಟು ಸಿಗುತ್ತಾ?"

ಐದಡಿಯೊಳಗೆ ಮುಂದೆ ಯಾರೂ ಇಲ್ಲದಿದ್ದರೆ ಸಿಗುವುದಿಲ್ಲ. ಅದನ್ನು ನಮಗೆ ಕಲಿಸಿದವರೇ ಅವರು.

"ಬೇಡ ಯಜಮಾನ್ರೇ, ದೈತ್ಯ ಬದುಕ್ಕೊಂಡ್ರೆ ಬದುಕ್ಕೊಳ್ಲಿ. ನೀವು ಬನ್ನಿ ಹಿಂದಕ್ಕೆ" ಎಂದೆ ನಾನು.

ಅವರು ಜಗುಲಿಯ ನೆಲಕ್ಕೆ ಅಂಗೈಯಿಂದ ಎರಡು ಸಲ ತಟ್ಟಿದರು. "ಹಿಂದಿನೋನು ಸೂಜಿ ಹಾಕೋವಾಗ ಮುಂದಿನೋನು ಹಗ್ಗ ಬಿಟ್ರೆ ಹಿಂದಿನೋನ ಎದೆ ಮೇಲೆ ಕಾಲು. ಸಿದ್ದಣ್ಣ ಒಂದಿನಾನೂ ಬಿಡ್ಲಿಲ್ಲ. ಎಸಿ."

ಬಸವರಾಜನ ಹೆಮ್ಮೆಯ ಹಿತ್ತಾಳೆ ದಾಳ ಅದು, ಅಡಿಕೆಗಿಂತ ಚಿಕ್ಕದು, ಭಾರ ಜಾಸ್ತಿ. ಎಸೆದೆ. ಜೋರಾಯಿತು. ಅದು ಚುರುಮುರಿಯ ಸ್ಟೀಲ್ ತಟ್ಟೆಯ ಅಂಚಿಗೆ ಬಡಿದು, ಠಣ್ ಎಂದು ಹಾರಿ, ಮೊಣಕಾಲೆತ್ತರದ ಗೋಡೆ ದಾಟಿ, ಸರಸು ತಿನ್ನುತ್ತಿದ್ದ ಬೂಸಾದ ಬಕೆಟ್ಟಿನೊಳಗೆ ಬಿತ್ತು. ನಾವು ಎದ್ದು ಓಡುವಷ್ಟರಲ್ಲಿ ಸರಸು ಒಂದು ದೊಡ್ಡ ಬಾಯಿ ಹಾಕಿ, ನಮ್ಮನ್ನೇ ನೋಡುತ್ತಾ, ನುಂಗಿತು.

ಶೋಭಾ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಏನ್ ಮಾವ ಇದು! ನಾನು ಮಕ್ಕಳು ಬಾಯಿಗೆ ಹಾಕ್ಕೊಳ್ಳುತ್ವೆ ಅಂತ ಸೇಫ್ಟಿ ಪಿನ್ನೂ ಮೇಲಿಡ್ತೀನಿ, ನೀವು ದೊಡ್ಡೋರು ಸೇರ್ಕೊಂಡು ಹಸೂಗೆ ಪಗಡೆ ತಿನ್ನಿಸಿದೀರಲ್ಲಾ?"

ಯಜಮಾನರು ಗೋಡೆ ದಾಟಿ ಹೋಗಿ ಸರಸುವಿನ ಎಡಹೊಟ್ಟೆಗೆ ಕಿವಿಯಿಟ್ಟು ನಿಂತರು. ಎರಡು ನಿಮಿಷ. ಮೂರು ನಿಮಿಷ. ನಾವು ಗೋಡೆಯ ಈಚೆ ನಿಂತು ನೋಡುತ್ತಿದ್ದೆವು.

"ಏನಾಗಲ್ಲ ಇದಕ್ಕೆ" ಎಂದರು. "ಮೊಳೆ, ತಂತಿ ಆಗಿದ್ರೆ ಚುಚ್ಚುತ್ತೆ. ಇದು ಗುಂಡಗಿದೆ. ಹಿತ್ತಾಳೆ, ಹೊಟ್ಟೆಗೆ ಅಯಸ್ಕಾಂತ ಇಳಿಸಿದ್ರೂ ಹತ್ತಲ್ಲ. ಭಾರದ್ದು ಸಗಣೀಲಿ ಬರೋದು ಕಷ್ಟ, ಒಳಗೇ ಕೂತ್ಬಿಡುತ್ತೆ."

"ಮತ್ತ ಸಿದ್ದಣ್ಣ?" ಎಂದ ಬಸವರಾಜ. "ಬ್ಯಾರೆ ದಾಳ ಎಸೀಲೇನ್ರಿ?"

"ಕೈ ಬಿಟ್ಟಾಯ್ತಲ್ಲ, ಇನ್ನೊಂದ್ಯಾಕೆ? ಹಸು ಹೊಟ್ಟೆ ನಿಮಿಷಕ್ಕೊಂದ್ಸಲ ಮಗುಚುತ್ತೆ ಕಣಪ್ಪ. ದಾಳ ಇನ್ನೂ ಉರುಳ್ತಾ ಇದೆ. ನಿಂತಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದರು: "ನಿಲ್ಲೋ ತನಕ ಸಿದ್ದಣ್ಣನಿಗೂ ಏನೂ ಆಗಲ್ಲ."

ಇದು ತೀರ್ಪು. ಹಾಗಾಗಿ ಸಿದ್ದಣ್ಣ ಸಾಯಲಿಲ್ಲ, ಯಜಮಾನರು ಟೀವಿಯ ಮುಂದೆ ಹೋಗಿ ಕೂರಲೂ ಇಲ್ಲ. ಆದರೂ ಶೋಭಾಳ ಸಮಾಧಾನಕ್ಕೆಂದು ಒಂದು ವಾರ ಬೆಳಿಗ್ಗೆ ಬಸವರಾಜ ಡ್ಯೂಟಿಗೆ ಹೋಗುವ ಮೊದಲು ಕೋಲು ಹಿಡಿದು ಸಗಣಿ ಕೆದಕಿದ. ಏನೂ ಸಿಗಲಿಲ್ಲ. ನಾವು ಪ್ಲಾಸ್ಟಿಕ್ ದಾಳ ತಂದು, ದೈತ್ಯನನ್ನೂ ಸಿದ್ದಣ್ಣನನ್ನೂ ನನ್ನ ಕಳ್ಳನನ್ನೂ ಆ ಬೆಟ್ಟದ ಮೇಲೆ ಹಾಗೇ ಬಿಟ್ಟು, ಬೇರೊಂದು ಕಥೆ ಶುರು ಮಾಡಿದೆವು. ಯಜಮಾನರು ಅದರಲ್ಲಿ ಪಾತ್ರ ತೆಗೆದುಕೊಳ್ಳಲಿಲ್ಲ. "ನಾನಲ್ಲಿ ಹಿಡ್ಕೊಂಡು ನಿಂತಿದೀನಲ್ಲಯ್ಯ, ಇಲ್ಲಿಗೆ ಹೆಂಗೆ ಬರ್ಲಿ?" ಎನ್ನುತ್ತಿದ್ದರು. ಮೂಲೆಯಲ್ಲಿ ಮೊರದ ಮುಂದೆ ಕೂತು ಅರ್ಥ ಹೇಳುತ್ತಿದ್ದರು. ಪ್ರತಿ ಭಾನುವಾರ ನಾವು ಬಂದ ಕೂಡಲೇ ಸರಸುವಿನ ಹೊಟ್ಟೆಗೆ ಕಿವಿಯಿಟ್ಟು ಬಂದು ವರದಿ ಕೊಡುತ್ತಿದ್ದರು.

"ಉರುಳ್ತಾ ಇದೆ."

ಮೆಲುಕು ಹಾಕುತ್ತಾ ಸರಸು ನಮ್ಮನ್ನು ನೋಡುವಾಗ ಅದರ ಮುಖದಲ್ಲಿ ಒಂದು ಗಾಂಭೀರ್ಯ ಬಂದಿತ್ತು. ಇದು ನನ್ನ ಕಲ್ಪನೆಯಲ್ಲ, ಪವಿತ್ರಳೂ ಹೇಳಿದಳು.

ಮುಂದಿನ ಮಾಘದಲ್ಲಿ ಒಂದು ಬೆಳಿಗ್ಗೆ ಹಾಲು ಕರೆದು, ಕೈ ತೊಳೆದು, ಜಗುಲಿಯ ಮೇಲೆ ಗೋಡೆಗೊರಗಿ ಕೂತವರು ಹಾಗೇ ಹೋಗಿಬಿಟ್ಟರು. ಬಸವರಾಜ ಮೆಟ್ಟಿಲಿಳಿದು ಬಂದು "ನಮಸ್ಕಾರ್ರಿ ಮಾಲಕರ" ಅಂದನಂತೆ, ಮಾತಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಸುತ್ತಲ ಹಳ್ಳಿಗಳಿಂದ ಜನ ಬಂದಿದ್ದರು. ಎಲ್ಲರೂ ತಮ್ಮ ತಮ್ಮ ಎಮ್ಮೆಯ ಕಥೆ ಹೇಳಿದರು. ನಾವು ಮೂವರು ನಮ್ಮ ದೈತ್ಯನ ಕಥೆ ಹೇಳಲಾಗದೆ ಎಲೆಯ ಮುಂದೆ ಸುಮ್ಮನೆ ಕೂತಿದ್ದೆವು.

ಆಮೇಲೆ ಎರಡು ತಿಂಗಳಿಗೆ ಶೋಭಾ ಫೋನ್ ಮಾಡಿದಳು. ಸರಸು ಮೇವು ಬಿಟ್ಟಿದೆ, ಹೊಟ್ಟೆ ಉಬ್ಬಿದೆ. ಹಗ್ಗ ಕಿತ್ತುಕೊಂಡು ರಸ್ತೆಬದಿಯ ಕಸದ ರಾಶಿಗೆ ಬಾಯಿ ಹಾಕಿ ಪ್ಲಾಸ್ಟಿಕ್ ತಿಂದಿದೆ, ಆಪರೇಷನ್ ಆಗಬೇಕಂತೆ. ನಾನೂ ಪವಿತ್ರಳೂ ಬೆಳಿಗ್ಗೆಯೇ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಸುವನ್ನು ನಿಂತಂತೆಯೇ ಕಟ್ಟಿಸಿ, ಎಡಹೊಟ್ಟೆಯ ಕೂದಲು ಬೋಳಿಸಿ, ಮರಗಟ್ಟುವ ಸೂಜಿ ಹಾಕಿದಳು. ಪವಿತ್ರಳ ಕೈಗೆ ಸಲೈನ್ ಬಾಟಲಿ ಕೊಟ್ಟಳು. ಬಸವರಾಜ ಕತ್ತರಿ ನೋಡಿದ ಕೂಡಲೇ ಬಾವಿಕಟ್ಟೆಯ ಹತ್ತಿರ ಹೋಗಿ ಕೂತ.

"ಮುಂದೆ ಯಾರು ಹಿಡ್ಕೋತೀರಾ?" ಎಂದಳು ಡಾಕ್ಟರು.

ನಾನು ಸರಸುವಿನ ಎಡಮೈಗೆ ಎರಡು ಸಲ ತಟ್ಟಿ, ಮುಂದೆ ಹೋಗಿ ಮೂಗುದಾರ ಹಿಡಿದೆ. ಇನ್ನೊಂದು ಕೈಯಿಂದ ಗಂಗೆದೊಗಲು ಕೆರೆಯುತ್ತಾ ನಿಂತೆ. ಮುಂದೆ ನಿಂತರೆ ಹಸುವಿನ ಮುಖ ಬಹಳ ದೊಡ್ಡದಾಗಿ ಕಾಣುತ್ತದೆ. ಹಿಂದೆ ಏನು ನಡೆಯುತ್ತಿದೆ ಎಂಬುದು ಮಾತ್ರ ಏನೇನೂ ಕಾಣುವುದಿಲ್ಲ. ಡಾಕ್ಟರು ಭುಜದವರೆಗೆ ಕೈ ಒಳಗೆ ಹಾಕಿ ಪ್ಲಾಸ್ಟಿಕ್ ಕವರುಗಳನ್ನು ಕಂತೆ ಕಂತೆಯಾಗಿ ಎಳೆದು ಹಾಕುವ ಸದ್ದು ಕೇಳುತ್ತಿತ್ತು.

"ಇನ್ನೇನೋ ಗಟ್ಟಿ ಇದೆ, ಕೆಳಗಡೆ" ಎಂದಳು. ಆಮೇಲೆ ಸ್ಟೀಲ್ ಟ್ರೇಗೆ ಏನೋ ಠಣ್ ಎಂದು ಬಿದ್ದ ಸದ್ದು. ಸ್ವಲ್ಪ ಉರುಳಿತು. ನಿಂತಿತು.

"ಇದೇನ್ರೀ ಇದು, ಮೈಯೆಲ್ಲಾ ನಂಬರು?"

"ಮುಟ್ಬೇಡಿ ಮೇಡಂ!" ಎಂದು ಪವಿತ್ರ ಕಿರುಚಿದಳು. "ಬಸವರಾಜ, ಬಾರೋ!"

ಬಾವಿಕಟ್ಟೆಯಿಂದ ಬಸವರಾಜ ಓಡಿ ಬಂದ. ಬಂದದ್ದು ಕೇಳಿಸಿತು, ನನಗೆ ಕಾಣಲಿಲ್ಲ.

"ಎಷ್ಟೋ?" ಎಂದೆ.

ಅವನು ಮೂಗು ಸೇದಿಕೊಂಡ. "ಹದಿನಾರ್ರಿ ಸರ. ತಗಲ್ತು."

ನಾನು ತಿರುಗಿ ನೋಡಬೇಕೆಂದು ಕತ್ತು ಹೊರಳಿಸಿದೆ. ಸರಸು ತಲೆ ಕೊಡವಿತು.

"ರೀ, ಹಗ್ಗ ಬಿಡ್ಬೇಡಿ. ಇನ್ನೂ ಹೊಲಿಗೆ ಇದೆ" ಎಂದಳು ಡಾಕ್ಟರು.

ಹೊಲಿಗೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಾನು ಬಿಡಲಿಲ್ಲ.